ಮೂರನೇ ಬೇಸಿನಿಂದ ಕಂಡ ಕೈ

ತ್ಯಾಗರಾಜನಗರ, ಬೆಂಗಳೂರು
ಫೆಬ್ರವರಿ 4, 2025

ಬನಶಂಕರಿ ಹುಡುಗಿಯರ ಬೇಸ್‌ಬಾಲ್ ತಂಡಕ್ಕೆ, ಕೋಚ್ ಶಾಂತಲಾ ಅವರ ಮೂಲಕ. ಅಭ್ಯಾಸಕ್ಕೆ ಎಲ್ಲರೂ ಸೇರಿದಾಗ ಗಟ್ಟಿಯಾಗಿ ಓದತಕ್ಕದ್ದು.

ಸಭಿಕರೇ, ಕೂತವರೇ, ನಿಂತವರೇ, ಕೂರಲು ಜಾಗವಿದ್ದರೂ ಬೇಲಿಗೆ ಒರಗಿ ಕಡಲೆಕಾಯಿ ಸಿಪ್ಪೆ ಉಗುಳುತ್ತಿದ್ದವರೇ, ಮಗಳ ನೀರಿನ ಬಾಟಲಿ ಹಿಡಿದು ಬಂದು ನನ್ನ ವಂಶವನ್ನೆಲ್ಲ ಬೈದು ಹೋದ ತಾಯಂದಿರೇ, ಎಲ್ಲರೂ ಹತ್ತಿರ ಬನ್ನಿ. ಮೊಬೈಲು ಜೇಬಿಗೆ ಹಾಕಿ. ಭಾನುವಾರ ನೀವು ಕೂಗಿದಿರಿ, ನಾನು ಕೇಳಿದೆ. ಈಗ ನಾನು ಕೂಗುತ್ತೇನೆ, ನೀವು ಕೇಳಿ.

ನಾನು ತಿರುಮಲೇಶ, ಫೈನಲ್ ಪಂದ್ಯದ ಫೀಲ್ಡ್ ಅಂಪೈರ್. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ನನಗೆ ಇಟ್ಟಿರುವ ಹೆಸರು ‘ಡ್ರಾಮಾ ಅಂಕಲ್’. ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಅಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ನಾನು ಪರದೆಯ ಹಿಂದೆ ಜೋಳಿಗೆಯಲ್ಲಿ ಮಲಗಿ ಬೆಳೆದವನು; ರಾಜನಾಗಿ, ರಾಕ್ಷಸನಾಗಿ, ಒಮ್ಮೆ ಪಾತ್ರಧಾರಿ ಕೈಕೊಟ್ಟಾಗ ರಾಣಿಯಾಗಿಯೂ ರಂಗದ ಮೇಲೆ ನಿಂತವನು. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದೆ, ಗಂಟಲು ನಿವೃತ್ತಿಗೆ ಒಪ್ಪಲಿಲ್ಲ. ಅಂಪೈರ್ ಪರೀಕ್ಷೆ ಕಟ್ಟಿ, ಪಾಸು ಮಾಡಿ, ಬಿಸಿಲಿನಲ್ಲಿ ನಿಂತು ನಿಮ್ಮ ಮಕ್ಕಳ ಆಟಕ್ಕೆ ನ್ಯಾಯ ಹೇಳುತ್ತಿದ್ದೇನೆ. ಅದಕ್ಕೆ ಸಿಕ್ಕ ಬಹುಮಾನ ‘ಕಳ್ಳ’ ಎಂಬ ಬಿರುದು.

ಈಗ ವಿಷಯ. ಕೊನೆಯ ಸರದಿ. ಜಯನಗರ ತಂಡ ಒಂದು ರನ್ ಮುಂದಿತ್ತು. ಬನಶಂಕರಿಯ ಒಬ್ಬಳು ಔಟಾಗಿದ್ದಳು, ಮೂರೂ ಬೇಸುಗಳಲ್ಲಿ ನಿಮ್ಮವರೇ ನಿಂತಿದ್ದರು. ಮೂರನೇ ಬೇಸಿನಲ್ಲಿ ಲಿಖಿತಾ, ಎರಡನೆಯದರಲ್ಲಿ ಪ್ರಕೃತಿ. ವನಿತಾ ಬ್ಯಾಟ್ ಬೀಸಿದಳು. ಚೆಂಡು ಬಲಕ್ಕೆ, ಗ್ಯಾಲರಿಯ ದಿಕ್ಕಿಗೆ ಎದ್ದು ಬಾಗಿತು. ಜಯನಗರದ ಹುಡುಗಿ ಓಡಿ ಬಂದು, ಹೊಟ್ಟೆಯ ಮೇಲೆ ಜಾರಿ, ಕೈಗವಸು ಚಾಚಿದಳು. ಧೂಳೆದ್ದಿತು. ಗ್ಯಾಲರಿಯೂ ಎದ್ದಿತು. ಅರ್ಧ ಜನ ಕ್ಯಾಚ್ ಎಂದರು, ಅರ್ಧ ಜನ ಅಲ್ಲ ಎಂದರು, ಉಳಿದವರು ಸುಮ್ಮನೆ ಕಿರುಚಿದರು.

ಆಟ ತಿಳಿಯದ ತಾಯಂದಿರಿಗಾಗಿ ಹೇಳುತ್ತೇನೆ. ಚೆಂಡು ನೆಲ ಮುಟ್ಟುವ ಮುನ್ನ ಹಿಡಿದರೆ ಹೊಡೆದವಳು ಔಟ್. ಆಗ ಬೇಸ್ ಬಿಟ್ಟು ಹೊರಟ ಓಟಗಾರ್ತಿಯರು ಹಿಂದಿರುಗಿ ತಮ್ಮ ಬೇಸನ್ನು ಮುಟ್ಟಬೇಕು. ಚೆಂಡು ನೆಲ ಮುಟ್ಟಿದರೆ ಕ್ಯಾಚ್ ಇಲ್ಲ. ಮೂರೂ ಬೇಸ್ ತುಂಬಿರುವಾಗ ಹಿಂದಿನವಳಿಗೆ ಜಾಗ ಬಿಟ್ಟು ಪ್ರತಿಯೊಬ್ಬಳೂ ಮುಂದಕ್ಕೆ ಓಡಲೇಬೇಕು. ಅವಳಿಗಿಂತ ಮೊದಲು ಚೆಂಡು ಮುಂದಿನ ಬೇಸಿಗೆ ತಲುಪಿದರೆ ಅವಳು ಔಟ್; ಮೂವರು ಔಟಾದರೆ ಸರದಿ ಮುಗಿಯಿತು. ಹಿಂದಕ್ಕೋ ಮುಂದಕ್ಕೋ ಎಂದು ತಿಳಿಸುವವನು ಅಂಪೈರ್. ಬಲಗೈ ಮುಷ್ಟಿ ಎತ್ತಿದರೆ ಔಟ್. ಎರಡೂ ಕೈ ಅಗಲವಾಗಿ ಹರಡಿದರೆ ಕ್ಯಾಚ್ ಅಲ್ಲ.

ಚೆಂಡು ನೆಲಕ್ಕೆ ತಾಗಿದ್ದನ್ನು ನಾನು ಕಂಡೆ. ಕ್ಯಾಚ್ ಅಲ್ಲವೆಂದು ಎರಡೂ ಕೈ ಹರಡಿದೆ. ಅದು ನಿಮಗೇ ಅನುಕೂಲದ ತೀರ್ಪು. ನಿಮ್ಮ ಲಿಖಿತಾ ಏನು ಮಾಡಿದಳು? ರನ್ ಸಿಗುವ ಕೊನೆಯ ಬೇಸಾದ ಹೋಮ್ ಕಡೆಗೆ ಹೊರಟವಳು ತಿರುಗಿ ಹೋಗಿ ಮೂರನೇ ಬೇಸಿನ ಮೇಲೆ ನಿಂತಳು, ಪರದೆಯಲ್ಲಿ ಬರೆದ ಅರಮನೆ ಕಂಬದ ಹಾಗೆ. ಹಿಂದಿನಿಂದ ಬಂದ ಪ್ರಕೃತಿ, ಮುಂದಿನ ಜಾಗ ಖಾಲಿಯಾಗದ್ದು ಕಂಡು ನಡುದಾರಿಯಲ್ಲಿ ತಡವರಿಸಿದಳು. ಜಯನಗರದವರು ಚೆಂಡನ್ನು ಹೋಮ್‌ಗೆ ಎಸೆದರು, ಲಿಖಿತಾ ಔಟ್. ಅಲ್ಲಿಂದ ಮೂರನೇ ಬೇಸಿಗೆ ಎಸೆದರು, ಪ್ರಕೃತಿ ಔಟ್. ಆಟ ಮುಗಿಯಿತು, ಕಪ್ ಹೋಯಿತು, ಬೈಗುಳ ನನ್ನ ಪಾಲಿಗೆ ಬಂತು.

ಇದನ್ನು ಫೋನಿನಲ್ಲೇ ಹೇಳುತ್ತಿದ್ದೆ. ನಿಮ್ಮ ಕೋಚ್ ನನ್ನ ವಾಯ್ಸ್ ಮೆಸೇಜುಗಳನ್ನು ಪೂರ್ತಿ ಕೇಳದೆ ನಂಬರನ್ನೇ ಬ್ಲಾಕ್ ಮಾಡಿದ್ದಾರೆ. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲ. ತಂಡದ ಪ್ರತಿಯೊಬ್ಬಳೂ ಸಹಿ ಹಾಕಿದ ಕ್ಷಮಾಪಣೆ ನನ್ನ ಮನೆಗೆ ಬರಲಿ. ಬರದಿದ್ದರೆ ಲೀಗ್ ಸಮಿತಿಯ ಬಾಗಿಲಿನಲ್ಲಿ ನನ್ನ ಗಂಟಲು ಕೇಳಿಸುತ್ತದೆ.

ತಿರುಮಲೇಶ


ಚಿಕ್ಕಲಸಂದ್ರ
ಫೆಬ್ರವರಿ 8, 2025

ತಿರುಮಲೇಶ ಸರ್ ಅವರಿಗೆ,

ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ನಾವು ಅಭ್ಯಾಸ ಮಾಡುತ್ತೇವೆ.

ಒಂದು ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಅದು ಕ್ಯಾಚ್ ಅಲ್ಲ. ವನಿತಾಳ ಅಣ್ಣ ಮನೋಜ್ ಬೇಲಿಯ ಬಳಿ ನಿಂತು ತೆಗೆದ ವಿಡಿಯೊದಲ್ಲಿ ಚೆಂಡು ನೆಲಕ್ಕೆ ತಾಗಿ ಕೈಗವಸಿಗೆ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ನೀವು ಆ ವಿಡಿಯೊದಲ್ಲಿ ಇಲ್ಲ. ಅವನು ಚೆಂಡಿನ ಹಿಂದೆ ಹೋಗಿದ್ದಾನೆ, ನಿಮ್ಮ ಹಿಂದೆ ಹೋಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತಕರಾರು ನಿಮ್ಮ ಕೈಯ ಬಗ್ಗೆ. ಹುಡುಗಿ ಜಾರಿ ಬಿದ್ದ ಕೂಡಲೇ ನೀವು ಗ್ಯಾಲರಿಯ ಕಡೆ ತಿರುಗಿದಿರಿ. ಮೂರನೇ ಬೇಸಿಗೆ ನಿಮ್ಮ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲು ಬಲಗೈ ಎತ್ತಿದಿರಿ. ಮುಷ್ಟಿ ಕಟ್ಟಿತ್ತು, ತಲೆಗಿಂತ ಮೇಲಿತ್ತು. ಅದನ್ನು ಅಲ್ಲೇ ಹಿಡಿದು ನಿಂತಿರಿ. ನಿಮಗೆ ತೃಪ್ತಿಯಾದ ಮೇಲೆ ಇಳಿಸಿ, ಎರಡೂ ಕೈ ಹರಡಿದಿರಿ. ಒಂದೇ ಚೆಂಡಿಗೆ ಎರಡು ಸನ್ನೆ. ಲಿಖಿತಾ ಮೊದಲನೆಯದನ್ನು ನೋಡಿ ಬೇಸಿಗೆ ಮರಳಿದಳು. ಪ್ರಕೃತಿ ಎರಡನೆಯದನ್ನು ನೋಡಿ ಓಡಿದಳು. ಇಬ್ಬರೂ ಅಂಪೈರನ್ನು ನಂಬಿ ಔಟಾದರು.

ಕಪ್ ಹೋದರೆ ಹೋಗಲಿ. ರಾಜ್ಯದ ಕಿರಿಯರ ತಂಡವನ್ನು ಆರಿಸುವ ದೇವರಾಜ್ ಅವರು ಅಂದು ಗ್ಯಾಲರಿಯಲ್ಲಿ ಕೂತಿದ್ದರು. ‘ಅಂಪೈರ್ ಸನ್ನೆ ಓದಲು ಬರುವುದಿಲ್ಲ’ ಎಂದು ಲಿಖಿತಾಳನ್ನು ಪಕ್ಕಕ್ಕೆ ಇಟ್ಟಿದ್ದಾರೆ. ಮಾರ್ಚ್ ಎರಡರ ಬೆಳಿಗ್ಗೆ ಅದೇ ಮೈದಾನದಲ್ಲಿ ಕೊನೆಯ ಆಯ್ಕೆ. ಈಗಿನ ಮಟ್ಟಿಗೆ ಅವಳನ್ನು ಕರೆಯುವುದಿಲ್ಲ. ಮುಂದಿನ ವರ್ಷ ಕಿರಿಯರ ತಂಡಕ್ಕೆ ಅವಳ ವಯಸ್ಸು ಮೀರುತ್ತದೆ. ಅವಳು ಜಯನಗರ ನಾಲ್ಕನೇ ಬ್ಲಾಕಿನ ಬಳೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿ ತೆರೆಯುವ ಮುನ್ನ ಓಡುತ್ತಾಳೆ, ಮುಚ್ಚಿದ ಮೇಲೆ ಓಡುತ್ತಾಳೆ. ನನ್ನ ತಂಡದಲ್ಲಿ ಅವಳಷ್ಟು ವೇಗದವಳು ಬೇರೆ ಯಾರೂ ಇಲ್ಲ.

ಕ್ಷಮಾಪಣೆ ಸಿಗುವುದಿಲ್ಲ. ನೀವು ದೇವರಾಜ್ ಅವರಿಗೆ ಒಂದೇ ಒಂದು ಮಾತು ಹೇಳಿದರೆ ಸಾಕು: ಮೊದಲು ಕೈ ಎತ್ತಿದ್ದು ನಿಜ. ತೀರ್ಪು ನಿಮ್ಮದೇ ಇರಲಿ, ಕಪ್ ಜಯನಗರದಲ್ಲೇ ಇರಲಿ.

ಶಾಂತಲಾ
ಕೋಚ್, ಬನಶಂಕರಿ ತಂಡ


ತ್ಯಾಗರಾಜನಗರ
ಫೆಬ್ರವರಿ 11, 2025

ಕೋಚ್ ಮೇಡಂ ಅವರ ಸನ್ನಿಧಾನಕ್ಕೆ,

ಓದಿದೆ. ಎದ್ದು ನಿಂತು ಓದಿದೆ. ಕೂತು ಓದುವ ಅವಮಾನ ಅಲ್ಲ ಅದು.

ಅಂದರೆ, ನಾನು ಮೊದಲು ಔಟ್ ಕೊಟ್ಟೆ. ಆಮೇಲೆ ಗ್ಯಾಲರಿಯ ಗಲಾಟೆಗೆ ಹೆದರಿ ತೀರ್ಪು ಬದಲಿಸಿದೆ. ಈ ಹೇಡಿತನವನ್ನು ದೇವರಾಜರ ಮುಂದೆ ನನ್ನ ಬಾಯಿಂದಲೇ ಒಪ್ಪಿಕೊಳ್ಳಬೇಕು. ಇದು ತಾನೇ ನಿಮ್ಮ ಅಪ್ಪಣೆ? ಮೊಟ್ಟೆ ಬಿದ್ದಿವೆ ನನ್ನ ಮೇಲೆ, ಚಪ್ಪಲಿ ಬಿದ್ದಿವೆ, ಒಮ್ಮೆ ಅರಸೀಕೆರೆಯಲ್ಲಿ ಸೈಕಲ್ ಟೈರು ಬಿದ್ದಿದೆ. ಒಂದು ಸಾಲೂ ಬಿಡದೆ ಮಾತು ಮುಗಿಸಿದವನು ನಾನು. ಗ್ಯಾಲರಿಗೆ ಹೆದರಿ ನ್ಯಾಯ ತಿರುಚಿದೆನೆಂದು ಬರೆಯುವಾಗ ನಿಮ್ಮ ಪೆನ್ನಿನ ಮಸಿ ಒಣಗಬೇಕಿತ್ತು.

ನಾನು ಕೈ ಎತ್ತಲಿಲ್ಲ. ಹರಡಿದೆ, ಅಷ್ಟೇ. ಎತ್ತಿದ್ದರೆ ನನಗೆ ನೆನಪಿರುತ್ತಿರಲಿಲ್ಲವೇ?

ಗ್ಯಾಲರಿಯ ಕಡೆ ತಿರುಗಿದ್ದು ಹೌದು. ಅದನ್ನು ಅಡಗಿಸುವ ಪ್ರಮೇಯವೇ ಇಲ್ಲ. ನನಗೆ ಪಾತ್ರ ಕಲಿಸಿದ ಹನುಮಯ್ಯ ಮೇಷ್ಟ್ರು ಪ್ರೇಕ್ಷಕರಿಗೆ ಬೆನ್ನು ತೋರಿಸಿದವನಿಗೆ ಅಂದಿನ ಊಟ ಹಾಕಿಸುತ್ತಿರಲಿಲ್ಲ. ನನಗಿನ್ನೂ ಮೀಸೆ ಚಿಗುರದ ಕಾಲ. ಯುದ್ಧದ ದೃಶ್ಯದಲ್ಲಿ ಸಾಯುವ ಸೈನಿಕನ ವೇಷ. ಬಾಣ ಬಿತ್ತು, ನಾನು ಹಿಂಪರದೆಯ ಕಡೆ ಮುಖ ಮಾಡಿ ಸತ್ತೆ. ಪಕ್ಕದ ಪರದೆಯಿಂದ ಮೇಷ್ಟ್ರ ಧ್ವನಿ ಬಂತು: “ಲೋ ತಿರುಮಲ, ಎದ್ದು ಈ ಕಡೆ ತಿರುಗಿ ಸಾಯೋ.” ಎದ್ದೆ, ತಿರುಗಿದೆ, ಮತ್ತೆ ಸತ್ತೆ. ಜನ ಎರಡು ಸಲವೂ ಚಪ್ಪಾಳೆ ತಟ್ಟಿದರು. ಅಂದಿನಿಂದ ಇಂದಿನವರೆಗೆ ನಾನು ನೋಡಲು ಬಂದವರಿಗೆ ಬೆನ್ನು ಹಾಕಿದವನಲ್ಲ.

ಇನ್ನು ನಿಮ್ಮ ವಿಚಾರ. ಮೂರನೇ ಬೇಸಿನ ಪಕ್ಕದಲ್ಲಿ ಸುಣ್ಣದ ಗೆರೆಯೊಳಗೆ ಕೋಚ್ ನಿಲ್ಲುವ ಜಾಗವಿದೆ. ನೀವು ಅಲ್ಲೇ ನಿಂತಿದ್ದಿರಿ, ಕೈ ಕಟ್ಟಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು. ಓಡುವವಳಿಗೆ ದಾರಿ ಹೇಳುವುದಕ್ಕೆ ತಾನೇ ಅಲ್ಲಿ ಕೋಚನ್ನು ನಿಲ್ಲಿಸುವುದು? ನಿಮ್ಮ ಹುಡುಗಿ ಕಂಬವಾಗಿ ನಿಂತಾಗ ನೀವೇನು ಮಾಡುತ್ತಿದ್ದಿರಿ?

ಸೀತಾಲಕ್ಷ್ಮಿ, ಅಂದರೆ ನನ್ನ ಮನೆಯವಳು, ಇಷ್ಟು ಖಾರವಾಗಿ ಬರೆಯಬೇಡಿ ಎನ್ನುತ್ತಿದ್ದಾಳೆ. ಅವಳು ಆ ಮೈದಾನ ನೋಡಿಲ್ಲ.

ತಿರುಮಲೇಶ


ಚಿಕ್ಕಲಸಂದ್ರ
ಫೆಬ್ರವರಿ 13, 2025

ಅಂಪೈರ್ ಅವರಿಗೆ,

ಒಂದು ಸಲ ಸತ್ತವರು ಎದ್ದು ಇನ್ನೊಂದು ಸಲ ಸತ್ತಿದ್ದಕ್ಕೆ ನಿಮಗೆ ಹೆಮ್ಮೆ. ಒಂದು ಚೆಂಡಿಗೆ ಎರಡು ತೀರ್ಪು ಕೊಟ್ಟಿದ್ದು ಏಕೆಂದು ಈಗ ಅರ್ಥವಾಯಿತು.

ಡಿಸೆಂಬರ್ ತಿಂಗಳ ಪಂದ್ಯ ನೆನಪಿದೆಯೇ? ಮೈದಾನಕ್ಕೆ ನಾಯಿ ನುಗ್ಗಿತೆಂದು ಆಟ ನಿಲ್ಲಿಸಲು ನೀವು ಎರಡೂ ಕೈ ಮೇಲೆತ್ತಿದಿರಿ. ಕ್ರಿಕೆಟ್ ನೋಡಿ ಅಭ್ಯಾಸವಾದ ನಮ್ಮ ಜನ ಸಿಕ್ಸರ್ ಎಂದುಕೊಂಡು ಶಿಳ್ಳೆ ಹಾಕಿದರು. ನೀವು ಆಟ ನಿಂತಿದೆ ಎಂದು ಹೇಳಲಿಲ್ಲ. ಟೋಪಿ ತೆಗೆದು ತಲೆಬಾಗಿ ವಂದಿಸಿದಿರಿ. ನಾಯಿ ಎರಡನೇ ಬೇಸಿನ ಮೇಲೆ ಮಲಗಿತು. ಅಂದು ನಾನೂ ನಕ್ಕಿದ್ದೆ. ಅದಕ್ಕೆ ಈಗ ನಾಚಿಕೆಯಾಗುತ್ತಿದೆ.

ನೀವು ಕೈ ಎತ್ತಿದಿರಿ. ನೆನಪಿಲ್ಲ ಎಂದರೆ ಎತ್ತಿಲ್ಲ ಎಂದಾಗುವುದಿಲ್ಲ.

ಲಿಖಿತಾ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದ್ದಾಳೆ. ಕಳೆದ ವಾರ ಬಂದಾಗ ಹುಡುಗಿಯರು ಮೂರನೇ ಬೇಸಿಗೆ ಹೂವಿಟ್ಟು ನಮಸ್ಕಾರ ಮಾಡಿದರು, ವಿಗ್ರಹ ನಿಂತಿದ್ದ ಜಾಗ ಎಂದು. ಅವಳೂ ಜೊತೆಗೆ ನಗಲು ನೋಡಿದಳು. ಮರುದಿನ ವಾಟ್ಸಾಪ್ ಗುಂಪಿನಿಂದ ಹೊರಗೆ ಹೋದಳು. ಅಂಗಡಿಗೆ ಹೋಗಿ ಕರೆದರೆ, ಮದುವೆ ಸೀಸನ್ ಮೇಡಂ, ಕೆಲಸ ಜಾಸ್ತಿ ಎನ್ನುತ್ತಾಳೆ.

ನಿಮ್ಮ ಮೇಷ್ಟ್ರು, ನಿಮ್ಮ ಟೈರು, ನಿಮ್ಮ ಚಪ್ಪಾಳೆ ಯಾವುದೂ ನನಗೆ ಬೇಕಿಲ್ಲ. ಅವಳ ಮುಂದಿರುವುದು ಮಾರ್ಚ್ ಎರಡು ಮಾತ್ರ. ನೀವು ನಟರು. ಸುಳ್ಳು ಹೇಳುವುದಾದರೂ ಇದಕ್ಕಿಂತ ಚೆನ್ನಾಗಿ ಹೇಳಿ.

ಶಾಂತಲಾ


ತ್ಯಾಗರಾಜನಗರ
ಫೆಬ್ರವರಿ 22, 2025

ಶಾಂತಲಾ ಅವರಿಗೆ,

ಉತ್ತರ ತಡವಾಯಿತು. ಬೈಯಲು ಮಾತು ಸಿಗಲಿಲ್ಲವೆಂದಲ್ಲ. ನಡುವೆ ಒಂದು ಘಟನೆ ನಡೆಯಿತು.

ಗುರುವಾರ ಸಂಜೆ ನಿಮ್ಮ ಲಿಖಿತಾ ನಮ್ಮ ಮನೆಗೆ ಬಂದಿದ್ದಳು. ನೀವು ಕಳಿಸಿರಲಾರಿರಿ, ಕಳಿಸಿದ್ದರೆ ಅವಳು ಬೇರೆಯದನ್ನೇ ಹೇಳುತ್ತಿದ್ದಳು. ಚಪ್ಪಲಿಯನ್ನು ಗೋಡೆಗೆ ತಾಗಿಸಿ ಜೋಡಿಸಿ ಬಿಟ್ಟು, ಬಾಗಿಲಲ್ಲೇ ನಿಂತಳು. ಸೀತಾಲಕ್ಷ್ಮಿ ಕೈ ಹಿಡಿದು ಒಳಗೆ ಕರೆತಂದು ಕಾಫಿ ಕೊಟ್ಟಳು. ನಾನು ಬಿಡುತ್ತೇನೆಯೇ? ಅಂಪೈರ್ ಸನ್ನೆಗಳ ಬಗ್ಗೆ ಪಾಠ ಶುರು ಮಾಡಿದೆ. ಎದ್ದು ನಿಂತು, ಸೋಫಾ ಪಕ್ಕಕ್ಕೆ ತಳ್ಳಿ, ಔಟ್ ಹೇಗೆ, ಸೇಫ್ ಹೇಗೆ, ಕ್ಯಾಚ್ ಅಲ್ಲ ಎಂಬುದು ಹೇಗೆ, ಎಲ್ಲವನ್ನೂ ತೋರಿಸಿದೆ. ಇಷ್ಟು ದೊಡ್ಡ ಮೈಯ ಮೇಲೆ ಇಷ್ಟು ದೊಡ್ಡ ಕೈಗಳಿರುವಾಗ ನೀನು ನೋಡದೆ ಹೇಗೆ ಹೋದೆ ಎಂದು ಕೇಳಿದೆ.

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. “ಸಾರ್, ನಾನು ನಿಮ್ಮ ಕೈ ನೋಡ್ಲೇ ಇಲ್ಲ. ಚೆಂಡು ನೋಡ್ತಿದ್ದೆ. ಅದು ನೆಲಕ್ಕೆ ಬಿದ್ದಿದ್ದು ನಂಗೇ ಕಾಣ್ತು. ಹೊರಟೆ. ಅಷ್ಟ್ರಲ್ಲಿ ಹಿಂದೆ ಬಾ ಅಂತ ಕೂಗಿದ್ರು. ಬಂದ್ಬಿಟ್ಟೆ.”

ಯಾರು ಕೂಗಿದರು ಎಂದೆ. ಅವಳು ಕಾಫಿ ಕುಡಿದಳು. ಇನ್ನೊಮ್ಮೆ ಕೇಳಿದೆ, ಈ ಬಾರಿ ಗಂಟಲು ಏರಿಸಿ. ಸೀತಾಲಕ್ಷ್ಮಿ ನನ್ನನ್ನು ನೋಡಿದ ನೋಟಕ್ಕೆ ಗಂಟಲು ಇಳಿಯಿತು. ಅದು ಬಿಡಿ ಸಾರ್, ನಾನು ಕೇಳೋಕೆ ಬಂದಿದ್ದು ಬೇರೆ ಎಂದಳು. ನಾನು ಅಂದು ಕೈ ಎತ್ತಿದ್ದು ನಿಜವೋ ಸುಳ್ಳೋ ತಿಳಿಯಬೇಕಿತ್ತಂತೆ. ಎತ್ತಿದ್ದರೆ, ಕೂಗಿದವರ ಮೇಲೆ ಅವಳಿಗೆ ಬೇಸರವಿಲ್ಲವಂತೆ. ಎತ್ತಿಲ್ಲವೆಂದರೆ ಏನೆಂದು ಅವಳು ಹೇಳಲಿಲ್ಲ. ನಾನು ಎತ್ತಿಲ್ಲ ಎಂದೆ. ಸರಿ ಸಾರ್ ಎಂದು ಲೋಟ ತೊಳೆದಿಟ್ಟು, ಬರ್ತೀನಿ ಆಂಟಿ ಎಂದು ಹೊರಟುಹೋದಳು.

ಈಗ ಕೇಳಿ ಮೇಡಂ. ನಿಮ್ಮ ಎಂಟನೇ ತಾರೀಖಿನ ಪತ್ರ ನನ್ನ ಮುಂದಿದೆ. ‘ಲಿಖಿತಾ ಮೊದಲನೆಯದನ್ನು ನೋಡಿ ಬೇಸಿಗೆ ಮರಳಿದಳು’ ಎಂದು ನಿಮ್ಮದೇ ಅಕ್ಷರ. ಅವಳು ನೋಡಿಲ್ಲ. ಆ ಹುಡುಗಿ ನೋಡಿದ್ದು ಚೆಂಡನ್ನು. ನನಗೆ ಕಂಡದ್ದೇ ಅವಳಿಗೂ ಕಂಡಿತ್ತು, ಅವಳ ಕಾಲು ಸರಿಯಾದ ಕಡೆಗೇ ಹೊರಟಿತ್ತು. ಮೂರನೇ ಬೇಸಿನ ಪಕ್ಕದ ಗೆರೆಯೊಳಗೆ ನಿಂತು ಹಿಂದೆ ಬಾ ಎಂದು ಕೂಗುವ ಅಧಿಕಾರ ಇಡೀ ಮೈದಾನದಲ್ಲಿ ಒಬ್ಬರಿಗೇ ಇತ್ತು. ನೀವು ಏನು ಮಾಡುತ್ತಿದ್ದಿರಿ ಎಂದು ನಾನು ಆವತ್ತೇ ಕೇಳಿದೆ. ನೀವು ನಾಯಿಯ ಕಥೆ ಬರೆದು ಕಳಿಸಿದಿರಿ.

ಅವಳು ನಿಮ್ಮ ಹೆಸರು ಹೇಳಲಿಲ್ಲ. ತಂಡದವರು ಬೇಸಿಗೆ ಹೂವಿಟ್ಟಾಗಲೂ ಹೇಳಿರಲಿಲ್ಲ ಎಂದಾಯಿತು. ಆಗ ನೀವು ಎಲ್ಲಿ ನಿಂತಿದ್ದಿರಿ?

ಇನ್ನು ನನ್ನ ಬಾಗಿಲು ತಟ್ಟಬೇಡಿ. ದೇವರಾಜರ ಬಾಗಿಲಿಗೆ ನೀವೇ ಹೋಗಿ, ನಿಮ್ಮ ಬಾಯಿಂದಲೇ ಹೇಳಿ. ಹೇಳಲು ಬಾಯಿ ಬರದಿದ್ದರೆ ಆ ಕಪ್ಪು ಕನ್ನಡಕವನ್ನು ಹಾಕಿಕೊಳ್ಳಿ. ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ.

ತಿರುಮಲೇಶ


ಚಿಕ್ಕಲಸಂದ್ರ
ಫೆಬ್ರವರಿ 27, 2025

ತಿರುಮಲೇಶ ಅವರಿಗೆ,

ಕೂಗಿದ್ದು ನಾನು.

ನನಗೆ ಚೆಂಡು ಕಾಣಲಿಲ್ಲ. ನಡುವೆ ನೀವಿದ್ದಿರಿ, ನಿಮ್ಮ ಬೆನ್ನಿತ್ತು, ಅದರ ಮೇಲೆ ನಿಮ್ಮ ಮುಷ್ಟಿಯಿತ್ತು. ಅಂಪೈರ್ ಮುಷ್ಟಿ ಎತ್ತಿದರೆ ಔಟ್ ಎಂದು ಆ ಹುಡುಗಿಯರಿಗೆ ಕಲಿಸಿದವಳು ನಾನು. ಲಿಖಿತಾ ಹೊರಟಿದ್ದಳು, ಹಿಂದೆ ಬಾ ಎಂದು ಕೂಗಿದೆ, ಬಂದಳು. ತನ್ನ ಕಣ್ಣು ಬಿಟ್ಟು ನನ್ನ ಮಾತು ಕೇಳಿದಳು. ಆಟ ಮುಗಿದ ಮೇಲೆ ಎಲ್ಲರೂ ಅವಳ ಮೇಲೆ ಮುಗಿಬಿದ್ದಾಗ ನಾನು ಬ್ಯಾಟುಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ನಿಧಾನವಾಗಿ ತುಂಬಿದೆ. ನೀವು ಕೇಳಿದ ಪ್ರಶ್ನೆಗೆ ಇದು ಉತ್ತರ. ಇದಕ್ಕಿಂತ ಹೆಚ್ಚು ನಿಮಗೆ ಕೊಡಬೇಕಾದ್ದು ಏನೂ ಇಲ್ಲ.

ಮಂಗಳವಾರ ತಂಡಕ್ಕೆ ಹೇಳಿದೆ. ಪ್ರಕೃತಿ ಕೈಗವಸು ಬಿಸಾಕಿ ಮನೆಗೆ ಹೋದಳು. ನಿನ್ನೆ ಅಭ್ಯಾಸಕ್ಕೆ ಬಂದವರು ಅರ್ಧ ತಂಡ. ಬಂದವರೂ ನಾನು ಏನಾದರೂ ಹೇಳಿದರೆ ಒಂದು ಕ್ಷಣ ತಡೆದು ಆಮೇಲೆ ಮಾಡುತ್ತಾರೆ.

ಅದೇ ದಿನ ದೇವರಾಜ್ ಅವರ ಬಳಿಗೂ ಹೋದೆ. ಅವರು ನಂಬಲಿಲ್ಲ. ಅವರ ಕಣ್ಣು ಧೂಳಿನಲ್ಲಿ ಹೊರಳುತ್ತಿದ್ದ ಹುಡುಗಿಯ ಮೇಲಿತ್ತಂತೆ. ತಲೆ ಎತ್ತುವಷ್ಟರಲ್ಲಿ ನೀವು ಕೈ ಹರಡಿ ನಿಂತಿದ್ದು ಕಾಣಿಸಿತಂತೆ. “ಮೇಡಂ, ಕೈ ಎತ್ತೇ ಇಲ್ಲ ಅಂತ ಅಂಪೈರೇ ಹೇಳ್ತಾರೆ. ಇಲ್ಲದಿರೋ ಕೈ ನೋಡಿ ಯಾವ ಕೋಚ್ ಕೂಗ್ತಾರೆ? ಹುಡುಗೀನ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೊಳ್ತಿದೀರ” ಎಂದರು. ಹೊರಡುವಾಗ ಕೊನೆಗೊಂದು ಮಾತು ಹೇಳಿದರು. ಭಾನುವಾರ ಆಯ್ಕೆ ಶುರುವಾಗುವ ಮುನ್ನ ಅಂಪೈರ್ ಬಂದು ಎತ್ತಿದ್ದೆ ಎಂದರೆ ಅವಳನ್ನು ಓಡಿಸಿ ನೋಡುತ್ತಾರಂತೆ.

ನೀವು ತೀರ್ಪು ಬದಲಿಸಿದಿರೆಂದು ನಾನು ಯಾವ ಪತ್ರದಲ್ಲೂ ಬರೆದಿಲ್ಲ. ಎರಡು ತೀರ್ಪು ಎಂದು ಕುಟುಕಿದ್ದು ನಿಮ್ಮ ಹನ್ನೊಂದನೇ ತಾರೀಖಿನ ಪತ್ರದ ಮೇಲಿನ ಸಿಟ್ಟಿಗೆ. ನನಗೆ ಬೇಕಿದ್ದುದು ಆ ಕೈ ಮಾತ್ರ. ಅದು ಏಕೆ ಎದ್ದಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಎದ್ದಿದ್ದು ಗೊತ್ತು.

ನನ್ನ ಪಾಲಿನದನ್ನು ನಾನು ಹೇಳಿಯಾಯಿತು. ನಿಮಗೆ ಇನ್ನು ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಶಾಂತಲಾ


ತ್ಯಾಗರಾಜನಗರ
ಮಾರ್ಚ್ 1, 2025, ಶನಿವಾರ

ಶಾಂತಲಾ ಅವರಿಗೆ,

ಬರೆಯಬೇಡಿ ಎಂದಿದ್ದೀರಿ. ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಇದು ಸೋಮವಾರ ತಲುಪುತ್ತದೆ, ಆದ್ದರಿಂದ ನಮ್ಮ ಬೀದಿಯ ಆಟೋ ಸೀನುವಿನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವನು ಉತ್ತರಕ್ಕೆ ಕಾಯುವುದಿಲ್ಲ. ನನಗೂ ಬೇಡ.

ನಿಮ್ಮ ಪತ್ರ ನಿನ್ನೆ ಮಧ್ಯಾಹ್ನ ಬಂತು. ಓದಿ, ಸುಳ್ಳಿ ಎಂದು ಒಮ್ಮೆ ಗಟ್ಟಿಯಾಗಿ ಅಂದು, ಮಡಿಸಿಟ್ಟೆ. ಸಂಜೆ ಪಕ್ಕದ ಮನೆಯ ವಾರಿಜಾ ಬಂದರು. ನಮ್ಮ ಬೀದಿಯಲ್ಲಿ ಈಗ ನೀರಿನ ಟ್ಯಾಂಕರ್ ಜಗಳ ನಡೆಯುತ್ತಿದೆ. ಯಾರ ಮನೆಯ ನೀರಿನ ಸಂಪಿನೊಳಗೆ ಮೊದಲು ಪೈಪ್ ಇಳಿಸಬೇಕು ಎಂಬುದು ವಿವಾದ. ಸೀತಾಲಕ್ಷ್ಮಿಯೂ ವಾರಿಜಾ ಅವರೂ ನಡುಮನೆಯಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಹತ್ತಿ ಕೂತಿದ್ದರು. ಅಷ್ಟರಲ್ಲಿ ಟ್ಯಾಂಕರ್ ಬಂದು ಹಾರ್ನ್ ಹೊಡೆಯಿತು. ಅವರಿಗೆ ಕೇಳಿಸಲಿಲ್ಲ. ಹೇಳಲು ನಾನು ಎದ್ದೆ.

ಹೇಳುವ ಮುನ್ನ ನನ್ನ ಬಲಗೈ ಮೇಲೆ ಹೋಯಿತು.

ನಾನು ಕಳಿಸಲಿಲ್ಲ ಮೇಡಂ. ಅದೇ ಹೋಯಿತು. ಮುಷ್ಟಿ ಕಟ್ಟಿತ್ತು, ತಲೆಗಿಂತ ಮೇಲಿತ್ತು. ಇಬ್ಬರೂ ಥಟ್ಟನೆ ಬಾಯಿ ಮುಚ್ಚಿದರು. ಮನೆ ನಿಶ್ಶಬ್ದವಾದ ಮೇಲೆ ಟ್ಯಾಂಕರ್ ಬಂದಿದೆ ಎಂದೆ. ವಾರಿಜಾ ಬಕೆಟ್ ಹುಡುಕಿಕೊಂಡು ಓಡಿದರು. ಸೀತಾಲಕ್ಷ್ಮಿ ಮಾತ್ರ ಕೂತಲ್ಲೇ ಕೂತಿದ್ದಳು.

“ರೀ, ಕೈ ಇಳಿಸಿ. ಆ ಹುಡುಗಿ ಕೇಳ್ಕೊಂಡು ಬಂದಿದ್ದು ಇದೇ ಕೈ ಅಲ್ವಾ?” ಎಂದಳು.

ನಾನು ಇದು ಬೇರೆ ಎಂದೆ. ಮದುವೆಯಾದಾಗಿನಿಂದ ನೋಡುತ್ತಿದ್ದಾಳಂತೆ. ಜನ ಗದ್ದಲ ಮಾಡುತ್ತಿದ್ದರೆ ನಾನು ಬಾಯಿ ತೆರೆಯುವ ಮುನ್ನ ಕೈ ಎತ್ತುತ್ತೇನಂತೆ. ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಅವಳ ತಂಗಿಯ ಸೀಮಂತದಲ್ಲಿ. ಬೇಕಾದರೆ ನಿಮ್ಮ ತಮ್ಮನಿಗೆ ಫೋನ್ ಮಾಡಿ ಕೇಳಿ ಎಂದಳು. ಮಾಡಿದೆ. ಅವನು ನಕ್ಕ. ನಿನಗೆ ಗೊತ್ತಿಲ್ವಾ ಎಂದು ನನ್ನನ್ನೇ ಕೇಳಿದ.

ಗೊತ್ತಿರಲಿಲ್ಲ. ರಾಜನ ಪಾತ್ರಧಾರಿಗೆ ಮೊದಲು ಕಲಿಸುವುದೇ ಅದು. ಗ್ಯಾಲರಿಯ ಶಿಳ್ಳೆ ನಿಲ್ಲುವವರೆಗೆ ಮುಷ್ಟಿ ಎತ್ತಿ ಹಿಡಿ, ನಿಂತ ಮೇಲೆ ಮಾತು ಆಡು. ಮೀಸೆ ಬಾರದ ವಯಸ್ಸಿನಲ್ಲಿ ಕಲಿತದ್ದು ಈಗ ಉಸಿರಾಟದ ಹಾಗೆ ಆಗಿಬಿಟ್ಟಿದೆ. ಉಸಿರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಂದು ಗ್ಯಾಲರಿ ಕಿರುಚುತ್ತಿತ್ತು. ನನ್ನ ಬಳಿ ಹೇಳುವ ತೀರ್ಪಿತ್ತು. ಸುಮ್ಮನಿರಿ, ಹೇಳುತ್ತೇನೆ ಎಂದು ಕೈ ಅವರಿಗೆ ಹೇಳಿದೆ. ಮೂರನೇ ಬೇಸಿನಲ್ಲಿ ನಿಂತವರಿಗೆ ಅದು ಔಟ್ ಎಂದು ಕಂಡಿದೆ.

ಕ್ಯಾಚ್ ಅಲ್ಲ ಎಂಬ ನನ್ನ ತೀರ್ಪು ಸರಿ. ಅದನ್ನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ. ಆದರೆ ಎದುರು ಕೂತು ಕೇಳಿದ ಹುಡುಗಿಗೆ ಎತ್ತಿಲ್ಲ ಎಂದೆ. ಅವಳು ನಂಬಿ ಲೋಟ ತೊಳೆದಿಟ್ಟು ಹೋದಳು. ಆ ಮಾತು ಹೊತ್ತುಕೊಂಡು ಅವಳು ಬಳೆ ಅಂಗಡಿಯಲ್ಲಿ ನಿಂತಿದ್ದಾಳೆ, ನಿಮ್ಮನ್ನು ಸುಳ್ಳಿ ಎಂದುಕೊಂಡು. ಬೆಳಿಗ್ಗೆ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಅಂಗಡಿಯ ತುಂಬ ಹೆಂಗಸರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ನನ್ನ ಸರದಿ ಬರುವವರೆಗೆ ಕಾದೆ. ಕೈ ಎತ್ತಿದ್ದೆನಮ್ಮಾ ಎಂದೆ. ಅವಳು ಯಾರಿಗೋ ಹಸಿರು ಬಳೆ ತೊಡಿಸುತ್ತಿದ್ದಳು. ತೊಡಿಸಿ ಮುಗಿಸಿದ ಮೇಲೆ ತಲೆ ಎತ್ತಿ, ನಾಳೆ ಎಷ್ಟೊತ್ತಿಗೆ ಸಾರ್ ಎಂದಳು. ಅಷ್ಟೇ ಕೇಳಿದಳು.

ಒಂದು ಚೆಂಡಿಗೆ ಎರಡು ಸನ್ನೆ ಕೊಟ್ಟೆನೆಂದು ಒಪ್ಪಿದ ಅಂಪೈರನ್ನು ಸಮಿತಿ ಮತ್ತೆ ಮೈದಾನಕ್ಕೆ ಇಳಿಸುವುದಿಲ್ಲ. ಆ ನಿಯಮ ಬರೆದವರಲ್ಲಿ ನಾನೂ ಒಬ್ಬ. ಕಂಪನಿ ಮುಚ್ಚಿ, ಇಲಾಖೆ ಬಿಟ್ಟು, ಕೊನೆಗೆ ನನಗೆ ಉಳಿದಿದ್ದ ರಂಗ ಆ ಮೈದಾನವೊಂದೇ. ಇದನ್ನು ಹೇಳಿ ನಿಮ್ಮ ಕನಿಕರ ಕೇಳುತ್ತಿಲ್ಲ. ನಿಮ್ಮ ಕನಿಕರ ನಿಮ್ಮಲ್ಲೇ ಇರಲಿ. ಹುಡುಗಿಯ ಮೇಲೆ ತಪ್ಪು ಹೊರಿಸಿ ಬ್ಯಾಟು ತುಂಬಿಕೊಂಡಿದ್ದವರನ್ನು ನಾನು ಕ್ಷಮಿಸಿಲ್ಲ. ನೀವು ನನ್ನನ್ನು ಕ್ಷಮಿಸುವುದೂ ಬೇಡ.

ನಾಳೆ ಬೆಳಿಗ್ಗೆ ಆಯ್ಕೆ ಶುರುವಾಗುವ ಮುನ್ನ ಮೈದಾನಕ್ಕೆ ಬರುತ್ತೇನೆ. ದೇವರಾಜರನ್ನು ಕೈ ಹಿಡಿದು ಕರೆದೊಯ್ದು, ನೀವು ನಿಂತಿದ್ದ ಗೆರೆಯೊಳಗೆ ನಿಲ್ಲಿಸುತ್ತೇನೆ. ಬಂದವರನ್ನೆಲ್ಲ ಗ್ಯಾಲರಿಯಲ್ಲಿ ಕೂರಿಸಿ, ಬಾಯಿಗೆ ಬಂದ ಹಾಗೆ ಕೂಗಿ ಎನ್ನುತ್ತೇನೆ. ಅವರ ಕಡೆ ತಿರುಗಿ ನನ್ನ ಕೈಯನ್ನು ಅದರ ಪಾಡಿಗೆ ಬಿಡುತ್ತೇನೆ. ಅದು ಎದ್ದಾಗ ದೇವರಾಜರಿಗೆ ಏನು ಕಂಡಿತೆಂದು ಕೇಳುತ್ತೇನೆ. ಅವರು ಔಟ್ ಎಂದ ಮೇಲೆ ಅಂಪೈರ್ ಟೋಪಿ ತೆಗೆದು ಅವರ ಕೈಗೆ ಕೊಡುತ್ತೇನೆ. ಆಮೇಲೆ ಗ್ಯಾಲರಿ ಹತ್ತಿ ನೆರಳಿರುವ ಕಡೆ ಕೂತು, ಲಿಖಿತಾ ಓಡುವುದನ್ನು ನೋಡುತ್ತೇನೆ. ನೀವು ನನ್ನ ಪಕ್ಕದಲ್ಲಿ ಕೂರಬೇಡಿ.

ತಿರುಮಲೇಶ